ಮರಗಳಿವೆ, ಕಾಗದಗಳೆಲ್ಲಿ?

ಬಸವನಗುಡಿಯ ಹಳೆಯ ಮನೆಯೊಂದರಲ್ಲಿ ಮೂರು ವರ್ಷದ ಹಿಂದೆ ನನ್ನ ಕೈಗೆ ಒಂದು ನೋಟ್‌ಬುಕ್ ಬಂತು. ಕಪ್ಪು ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಆ ಮನೆಯ ಯಜಮಾನರ ತಾತ ತೋಟದ ಮೇಸ್ತ್ರಿಯಾಗಿದ್ದವರು. ಒಳಗೆಲ್ಲ ಪೆನ್ಸಿಲ್ ಬರಹ: ಯಾವ ಮಡಿಯಲ್ಲಿ ಎಷ್ಟು ಸಸಿ ಎದ್ದಿತು, ಎಷ್ಟು ಕುಂಡ ಒಡೆದವು, ಯಾವ ದಿನ ಎಷ್ಟು ಗಾಡಿ ಗೊಬ್ಬರ ಬಂತು. ನಡುವಿನ ಹಾಳೆಗಳಲ್ಲಿ ಒತ್ತಿಟ್ಟ ಜಕರಂಡದ ಎಲೆ. ಅದರ ಕಂದು ನೆರಳು ಎದುರು ಪುಟಕ್ಕೂ ಇಳಿದಿತ್ತು. “ಇಂಥವು ಇನ್ನೂ ಎಂಟ್ಹತ್ತು ಇದ್ದವು ಸಾರ್. ಮನೆ ಬದಲಾಯಿಸುವಾಗ ರದ್ದಿಗೆ ಹಾಕಿಬಿಟ್ವಿ” ಎಂದರು ಯಜಮಾನರು.

ಕಟ್ಟಡ ಕಟ್ಟಿದವರ ಯೋಚನೆ ಗೋಡೆಯಲ್ಲಿ ಬಹುಕಾಲ ನಿಂತಿರುತ್ತದೆ. ತೋಟದ ಕಥೆ ಬೇರೆ. ಗಿಡ ಬೆಳೆಯುತ್ತದೆ, ಸಾಯುತ್ತದೆ, ಅದೇ ಗುಂಡಿಯಲ್ಲಿ ಇನ್ನೊಂದನ್ನು ನೆಡುತ್ತಾರೆ. ನೂರು ವರ್ಷ ಕಳೆದ ಮೇಲೆ ತೋಟ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತೋಟವೊಂದೇ ಹೇಳಲಾರದು. ನಕ್ಷೆ, ಪತ್ರ, ಬೀಜದ ಪಟ್ಟಿ, ಮೇಸ್ತ್ರಿಯ ಲೆಕ್ಕದ ಪುಸ್ತಕ ಇವು ಹೇಳಬೇಕು. ಅವನ್ನು ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಕಾಪಾಡುವುದು ಹೇಗೆ ಎಂಬುದನ್ನು ನಮ್ಮ ನಾಡಿನಲ್ಲಿ ದುಡಿದ ತೋಟಗಾರ ಕ್ರುಂಬಿಗಲ್ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಯಾರು ಈ ಕ್ರುಂಬಿಗಲ್?

ಲಾಲ್‌ಬಾಗಿನ ಪಕ್ಕದಲ್ಲೇ ಕ್ರುಂಬಿಗಲ್ ರಸ್ತೆ ಇದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಲೋಮನ್ ಎಂಬ ಊರಿನಲ್ಲಿ. ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿಗಳಲ್ಲೂ ಕ್ಯೂ ಸಸ್ಯೋದ್ಯಾನದಲ್ಲೂ ದುಡಿದು, 1893ರಲ್ಲಿ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದು, ಜಾನ್ ಕ್ಯಾಮರಾನ್ ಬಿಟ್ಟುಹೋದ ಲಾಲ್‌ಬಾಗಿನ ಹೊಣೆ ಹೊತ್ತರು. 1932ರಲ್ಲಿ ನಿವೃತ್ತರಾದರೂ ಊರಿಗೆ ಹಿಂತಿರುಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿದೆ.

ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಬೀದಿಯಲ್ಲಿ ಬಣ್ಣವಿರಬೇಕು ಎಂಬ ಲೆಕ್ಕದಲ್ಲಿ ಸಾಲುಮರ ಬೆಳೆಸುವ ಪದ್ಧತಿಯನ್ನು ಬೆಂಗಳೂರಿನಲ್ಲಿ ರೂಢಿಸಿದವರು ಎಂದು ಅವರನ್ನು ನೆನೆಯುತ್ತಾರೆ. ಮಾರ್ಚಿನಲ್ಲಿ ಜಕರಂಡ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್ ಮತ್ತು ಕಕ್ಕೆ, ಮಳೆಗಾಲದ ಹೊಸ್ತಿಲಲ್ಲಿ ಹೊಳೆದಾಸವಾಳ, ಚಳಿ ಶುರುವಾದಾಗ ಆಕಾಶಮಲ್ಲಿಗೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸಾದ ಕನ್ನಂಬಾಡಿಯ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ ಅವರ ಹೆಸರು ಬರುತ್ತದೆ.

ಇಂಥವರ ನೆನಪಿಗೆ ನಾವು ಉಳಿಸಿಕೊಂಡಿದ್ದು ಕಡಿಮೆ. ಲಾಲ್‌ಬಾಗಿನೊಳಗೆ, ಗ್ರೀಕ್ ಕಟ್ಟಡಗಳನ್ನು ನೆನಪಿಸುವ ಕಂಬಗಳಿದ್ದ ಕ್ರುಂಬಿಗಲ್ ಸಭಾಂಗಣ ದುರಸ್ತಿ ಕಾಣದೆ ಶಿಥಿಲವಾಗಿ, 2017ರಲ್ಲಿ ಅದರ ಬಹುಭಾಗ ಕುಸಿದುಬಿತ್ತು. ಕಟ್ಟಡ ಬಿದ್ದರೆ ಸದ್ದಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕಾಗದ ಗೆದ್ದಲಿಗೆ ಹೋದರೆ ಯಾರಿಗೂ ತಿಳಿಯುವುದಿಲ್ಲ.

ಕಾಗದ ಯಾಕೆ ಬೇಕು?

ಬೆಂಗಳೂರಿನಲ್ಲಿ ಯಾವ ಹೂಮರ ತೋರಿಸಿದರೂ “ಕ್ರುಂಬಿಗಲ್ ನೆಟ್ಟಿದ್ದು” ಎನ್ನುವವರಿದ್ದಾರೆ. ಅದು ನಿಜವಲ್ಲ. ಕ್ರುಂಬಿಗಲ್ ಅವರಿಗಿಂತ ಮುಂಚೆ ಮೂರು ದಶಕ ಲಾಲ್‌ಬಾಗನ್ನು ಬೆಳೆಸಿದವರು ಕ್ಯಾಮರಾನ್. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಅವರ ಕಾಲದಲ್ಲಿ. ಕ್ರುಂಬಿಗಲ್ ನಂತರ ಎಚ್.ಸಿ. ಜವರಾಯ, ಆಮೇಲೆ ಎಂ.ಎಚ್. ಮರಿಗೌಡರು ಬಂದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಇಂದು ನಾವು ನೆರಳಿಗೆ ನಿಲ್ಲುವ ಎಷ್ಟೋ ಮರಗಳು ಅವರ ಕಾಲದವು.

ದಾಖಲೆ ಇಲ್ಲದ ಕಡೆ ಎಲ್ಲ ಕೆಲಸವೂ ಒಬ್ಬರ ಹೆಸರಿಗೆ ಹೋಗುತ್ತದೆ. ಆ ಒಬ್ಬರ ನಿಜವಾದ ಕೆಲಸ ಯಾವುದು ಎಂಬುದೂ ಮಸುಕಾಗುತ್ತದೆ. ಕಾಗದ ಹುಡುಕುವುದು ಹೊಗಳಿಕೆಯ ಕೆಲಸವೆಂದು ತಿಳಿಯಬೇಡಿ. ಯಾರ ಪಾಲು ಯಾರಿಗೆ ಎಂದು ಹಂಚಿಕೊಡುವ ಕೆಲಸ ಅದು.

ಮೊದಲ ಹೆಜ್ಜೆ: ಒಂದು ಪಟ್ಟಿ

ಪತ್ರಾಗಾರಕ್ಕೆ ಓಡುವ ಮೊದಲು ಮನೆಯಲ್ಲೇ ಕುಳಿತು ಒಂದು ಉದ್ದ ಹಾಳೆ ತೆಗೆದುಕೊಳ್ಳಿ. ನಾಲ್ಕು ಕಂಬಸಾಲು ಎಳೆಯಿರಿ: ವರ್ಷ, ಊರು, ಸಂಬಳ ಕೊಟ್ಟವರು, ಹುದ್ದೆ. ಕ್ರುಂಬಿಗಲ್ ಅವರ ಮಟ್ಟಿಗೆ 1893ರಿಂದ 1908ರವರೆಗೆ ಬರೋಡಾ ಸಂಸ್ಥಾನ, 1908ರಿಂದ 1932ರವರೆಗೆ ಮೈಸೂರು ಸರ್ಕಾರ. ಸಂಬಳ ಕೊಟ್ಟವರ ಕಡತದಲ್ಲೇ ತೋಟಗಾರರ ಕಾಗದ ಇರುತ್ತದೆ ಎಂಬುದು ಈ ಕೆಲಸದ ಮೊದಲ ಸೂತ್ರ.

ಹಾಳೆಯ ಹಿಂಬದಿಗೆ ಹೆಸರಿನ ಕಾಗುಣಿತಗಳನ್ನೆಲ್ಲ ಬರೆದುಕೊಳ್ಳಿ. ಕ್ರುಂಬಿಗಲ್, ಕೃಂಬಿಗಲ್, ಕ್ರಂಬೀಗೆಲ್ ಎಂದು ಕನ್ನಡದಲ್ಲೇ ಮೂರು ನಾಲ್ಕು ಬಗೆ. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರಗಳು ಅದಲುಬದಲಾಗಿ ಇನ್ನಷ್ಟು. ಎಷ್ಟೋ ಕಡತಗಳಲ್ಲಿ ಹೆಸರೇ ಇರುವುದಿಲ್ಲ, ಸರ್ಕಾರಿ ತೋಟಗಳ ಸೂಪರಿಂಟೆಂಡೆಂಟ್ ಎಂದು ಹುದ್ದೆ ಮಾತ್ರ ಇರುತ್ತದೆ. ಹೆಸರಿನಿಂದ ಸಿಗದದ್ದು ಹುದ್ದೆಯಿಂದ ಸಿಗುತ್ತದೆ, ಹುದ್ದೆಯಿಂದಲೂ ಸಿಗದದ್ದು ಜಾಗದ ಹೆಸರಿನಿಂದ ಸಿಗುತ್ತದೆ.

ಎರಡನೆಯ ಹೆಜ್ಜೆ: ಎಲ್ಲಿ ಕೇಳಬೇಕು?

ಬೆಂಗಳೂರು, ಮೈಸೂರು. ಮೈಸೂರು ಸಂಸ್ಥಾನದ ಸಚಿವಾಲಯದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಮೈಸೂರಿನಲ್ಲಿ ವಿಭಾಗೀಯ ಪತ್ರಾಗಾರವಿದೆ. ಗುರುತಿನ ಚೀಟಿ, ಹುಡುಕಾಟದ ಉದ್ದೇಶ ಬರೆದ ಒಂದು ಪತ್ರ, ವಿದ್ಯಾರ್ಥಿಗಳಾದರೆ ಕಾಲೇಜಿನ ಪರಿಚಯ ಪತ್ರ ಜೊತೆಗಿರಲಿ. ಹೋದೊಡನೆ ಕಡತ ಕೇಳಬೇಡಿ, ಸೂಚಿಪಟ್ಟಿ ಕೇಳಿ. ತೋಟಗಾರಿಕೆ ಎಂಬ ತಲೆಬರಹದ ಕೆಳಗೆ ಸಿಕ್ಕಿದ್ದನ್ನು ನೋಡಿ ನಿಲ್ಲಿಸಲೂಬೇಡಿ. ಬೃಂದಾವನ ಉದ್ಯಾನ ಇರುವುದು ಅಣೆಕಟ್ಟೆಯ ಬುಡದಲ್ಲಿ, ಆದ್ದರಿಂದ ಅದರ ಕಾಗದವನ್ನು ಲೋಕೋಪಯೋಗಿ ಮತ್ತು ನೀರಾವರಿ ಕಡತಗಳಲ್ಲಿ ಹುಡುಕಬೇಕು. ಅರಮನೆಯ ತೋಟಕ್ಕೆ ಅರಮನೆಯ ದಾಖಲೆ, ಬೀದಿಮರಕ್ಕೆ ಪುರಸಭೆಯ ನಡವಳಿ, ನಿಲ್ದಾಣದ ತೋಟಕ್ಕೆ ರೈಲ್ವೆಯ ಕಾಗದ.

ಮುದ್ರಿತ ವರದಿಗಳನ್ನು ಕಡೆಗಣಿಸಬೇಡಿ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ತೋಟಗಳ ಬಗ್ಗೆ ನಾಲ್ಕು ಸಾಲಾದರೂ ಇರುತ್ತದೆ. ಆ ನಾಲ್ಕು ಸಾಲು ಯಾವ ವರ್ಷದ ಕಡತ ಕೇಳಬೇಕೆಂದು ತಿಳಿಸುತ್ತದೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಲಾಲ್‌ಬಾಗಿನ ಮರಿಗೌಡ ಗ್ರಂಥಾಲಯ ಮೂರಕ್ಕೂ ಹೋಗಿ. ಕ್ಯಾಮರಾನ್ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಗಿಡ, ಹೂ, ಕಾಯಿಗಳನ್ನು ಎಳೆ ಎಳೆಯಾಗಿ ಬರೆದ ಬಣ್ಣದ ಚಿತ್ರಗಳು ಲಾಲ್‌ಬಾಗಿನ ಸಂಗ್ರಹದಲ್ಲಿವೆ. ಯಾವ ಗಿಡ ಆಗಲೇ ಇಲ್ಲಿ ಬೆಳೆಯುತ್ತಿತ್ತು ಎಂಬುದಕ್ಕೆ ಅವೂ ಸಾಕ್ಷಿ.

ವಡೋದರಾ. ಬರೋಡಾ ಸಂಸ್ಥಾನದ ದಾಖಲೆಗಳು ಗುಜರಾತ್ ರಾಜ್ಯ ಪತ್ರಾಗಾರದ ವಡೋದರಾ ಕಚೇರಿಯಲ್ಲಿವೆ. ಆಡಳಿತದ ಬಹಳಷ್ಟು ಬರವಣಿಗೆ ಗುಜರಾತಿ, ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ ಇರುತ್ತದೆ. ಓದಬಲ್ಲವರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ.

ದೆಹಲಿ. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಕೂತಲ್ಲೇ ಸೂಚಿ ಹುಡುಕಬಹುದು. ಎರಡು ಮಹಾಯುದ್ಧಗಳ ಕಾಲದಲ್ಲೂ ಬ್ರಿಟಿಷ್ ಸರ್ಕಾರ ಭಾರತದಲ್ಲಿದ್ದ ಜರ್ಮನ್ ಪ್ರಜೆಗಳ ಮೇಲೆ ಕಣ್ಣಿಟ್ಟಿತ್ತು. ಆದ್ದರಿಂದ ಜರ್ಮನ್ ತೋಟಗಾರರೊಬ್ಬರ ವಿಚಾರ ರೆಸಿಡೆನ್ಸಿ ಮತ್ತು ರಾಜಕೀಯ ಇಲಾಖೆಯ ಕಡತಗಳಲ್ಲಿ ಬರಬಹುದು. ತೋಟದ ಮಾತು ಅಲ್ಲಿ ಇರಲಿಕ್ಕಿಲ್ಲ, ಆದರೆ ಯಾವ ವರ್ಷ ಎಲ್ಲಿದ್ದರು ಎಂಬುದಕ್ಕೆ ಅದು ಗಟ್ಟಿ ಆಧಾರ.

ಕ್ಯೂ, ಲಂಡನ್. ಲಾಲ್‌ಬಾಗಿಗೂ ಕ್ಯೂ ಉದ್ಯಾನಕ್ಕೂ ಗಿಡ, ಬೀಜ, ಪತ್ರಗಳ ಕೊಡುಕೊಳ್ಳುವಿಕೆ ಇತ್ತು. ಅಲ್ಲಿ ನಿರ್ದೇಶಕರಿಗೆ ಬಂದ ಪತ್ರಗಳ ದೊಡ್ಡ ಸಂಗ್ರಹವಿದೆ. ತೋಟಕ್ಕೆ ಬಂದ ಮತ್ತು ಅಲ್ಲಿಂದ ಹೊರಟ ಗಿಡಗಳನ್ನು ಬರೆದಿಟ್ಟ ಪುಸ್ತಕಗಳಿವೆ. ಅಲ್ಲಿ ಕಲಿತ ತೋಟಗಾರರ ಸಂಘ, ಕ್ಯೂ ಗಿಲ್ಡ್, 1893ರಿಂದ ವಾರ್ಷಿಕ ಪತ್ರಿಕೆ ಹೊರಡಿಸುತ್ತಿದೆ. ದೂರದೇಶಕ್ಕೆ ಹೋದ ಸದಸ್ಯರ ವರ್ತಮಾನ ಅದರಲ್ಲಿ ಬರುತ್ತಿತ್ತು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಜರ್ಮನಿಯ ಕುಟುಂಬ ಪತ್ರಗಳೇನಾದರೂ ಸಿಕ್ಕರೆ, ಜರ್ಮನ್ ಬಂದವರಿಗೂ ಅವು ಒಮ್ಮೆಲೇ ಓದಲು ಬರುವುದಿಲ್ಲ. ಆ ಕಾಲದವರು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ ಬರೆಯುತ್ತಿದ್ದರು. ಅದನ್ನು ಬಲ್ಲವರನ್ನೇ ಕೇಳಬೇಕು.

ಮೂರನೆಯ ಹೆಜ್ಜೆ: ಮನೆಗಳು

ಕಚೇರಿಯ ಕಡತದಲ್ಲಿ ಮಂಜೂರಾತಿ ಸಿಗುತ್ತದೆ, ಕೆಲಸ ನಡೆದ ಬಗೆ ಸಿಗುವುದು ಮನೆಗಳಲ್ಲಿ. ಹಳೆಯ ನರ್ಸರಿಗಳು, ಮಾಲಿಗಳ ಮತ್ತು ಮೇಸ್ತ್ರಿಗಳ ಮಕ್ಕಳು ಮೊಮ್ಮಕ್ಕಳು, ಬೀಜದ ಅಂಗಡಿಗಳು, ಹೂವಿನ ಪ್ರದರ್ಶನದಲ್ಲಿ ಕಪ್ಪು ಗೆದ್ದವರ ಮನೆಗಳು, ಹಳೆಯ ಫೋಟೋ ಸ್ಟುಡಿಯೋಗಳು ಇವೆಲ್ಲ ಪತ್ರಾಗಾರಗಳೇ. ದಾಖಲೆ ಇದೆಯಾ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. “ತಾತನ ಟ್ರಂಕು ಇದೆಯಾ? ಅಟ್ಟದ ಮೇಲೆ ಹಳೇ ಲೆಕ್ಕದ ಪುಸ್ತಕ ಏನಾದರೂ?” ಎಂದು ಕೇಳಿ. ನನಗೆ ಆ ನೋಟ್‌ಬುಕ್ ಸಿಕ್ಕಿದ್ದು ಟ್ರಂಕಿನ ಮಾತೆತ್ತಿದ ಮೇಲೆ.

ಹೋದ ಮೊದಲ ದಿನ ಏನನ್ನೂ ಕೇಳಿ ಪಡೆಯಬೇಡಿ. ಕೂತು ಮಾತಾಡಿ, ಒಪ್ಪಿದರೆ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ. ಯಾವ ಗಿಡವನ್ನು ಮಾಲಿಗಳು ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂಬಂಥ ಸಂಗತಿ ಯಾವ ಕಡತದಲ್ಲೂ ಇರುವುದಿಲ್ಲ.

ತೋಟವನ್ನೂ ಓದಿ. ಗಿಡದ ಹೆಸರಿನ ತಗಡು, ಶಿಲಾಫಲಕ, ಬಾವಿಯ ಕಟ್ಟೆಯ ಇಸವಿ, ಸಮಾಧಿಯ ಮೇಲಿನ ಬರಹ, ಸಾಲಿನಲ್ಲಿ ನಿಂತ ಮರಗಳ ನಡುವಿನ ಅಂತರ ಎಲ್ಲವೂ ಸಾಕ್ಷಿ. ಅಡಿಗೋಲು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ದಿನಾಂಕ ಬರೆಯಿರಿ. ಸಿಕ್ಕ ಹಳೆಯ ನಕ್ಷೆಯೊಂದಿಗೆ ಇದನ್ನು ಹೋಲಿಸಿದಾಗಲೇ ಯಾವ ಸಾಲು ಮೂಲದ್ದು, ಯಾವುದು ಆಮೇಲಿನದು ಎಂದು ತಿಳಿಯುತ್ತದೆ.

ಸಿಕ್ಕಿತು. ಈಗೇನು?

ಮೊದಲ ಗಂಟೆಯಲ್ಲಿ ಆಗುವ ಅನಾಹುತವೇ ಹೆಚ್ಚು. ಸಂತೋಷದಲ್ಲಿ ನಾವು ಕಾಗದವನ್ನು ಝಾಡಿಸುತ್ತೇವೆ, ಬಿಸಿಲಿಗೆ ಹರಡುತ್ತೇವೆ, ವರ್ಷದ ಪ್ರಕಾರ ಜೋಡಿಸುತ್ತೇವೆ. ಮೂರೂ ತಪ್ಪು. ಕಟ್ಟು ಇದ್ದ ಹಾಗೇ ಇರಲಿ. ಯಾವ ಕಾಗದದ ಪಕ್ಕ ಯಾವುದಿತ್ತು ಎಂಬುದರಲ್ಲೇ ಅರ್ಧ ಅರ್ಥ ಇರುತ್ತದೆ. ಬಿಚ್ಚುವ ಮುನ್ನ ಕಟ್ಟಿನ ಫೋಟೋ ತೆಗೆಯಿರಿ, ಹೊರಗಿನ ಬಟ್ಟೆ, ದಾರ, ಚೀಟಿಗಳನ್ನೂ ಬಿಸಾಡಬೇಡಿ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಟ್ಟಿದರೆ ಕಾಗದಕ್ಕೆ ಸಾಕು. ಬಟ್ಟೆಯ ಗವಸು ಹಾಕಿದರೆ ಬೆರಳಿಗೆ ಅಂದಾಜು ಸಿಗದೆ ಅಂಚು ಹರಿಯುವುದೇ ಹೆಚ್ಚು. ಫೋಟೋ ಮತ್ತು ನೆಗೆಟಿವ್‌ಗಳಿಗೆ ಮಾತ್ರ ನೈಟ್ರೈಲ್ ಗವಸು ಬೇಕು. ಧೂಳಿಗೆ ಮೆತ್ತನೆಯ ಬ್ರಷ್. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯದೆ, ಕೆಳಗೊಂದು ತೆಳು ಪ್ಲಾಸ್ಟಿಕ್ ತುಂಡು ಜಾರಿಸಿ ನಿಧಾನವಾಗಿ ಬಿಡಿಸಿ. ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ಕು ಅಂಟಿದರೆ ಕಾಗದವನ್ನು ಮತ್ತೆ ಬಿಡಿಸಿಕೊಳ್ಳುವುದು ಕಷ್ಟ. ಗುರುತು ಹಾಕಬೇಕಾದರೆ ಪೆನ್ಸಿಲ್ ಮಾತ್ರ, ಅದೂ ಹಿಂಬದಿಯ ಮೂಲೆಯಲ್ಲಿ.

ನೀಲಿನಕ್ಷೆಯ ಗುಣ ಬೇರೆ

ತೋಟಗಾರರ ಕಾಗದದಲ್ಲಿ ನಕ್ಷೆಗಳೇ ಮುಖ್ಯ, ಅವೇ ಹೆಚ್ಚು ಮೃದು. ಎಂಟು ಮಡಿಕೆ ಹಾಕಿದ ಒಂದು ನೀಲಿನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ ನೋಡಿ. ಗಾಢ ನೀಲಿಯ ಮೇಲೆ ಬಿಳಿ ಗೆರೆ, ಮರಕ್ಕೊಂದು ಸೊನ್ನೆ, ಸೊನ್ನೆಯೊಳಗೆ ಸಂಖ್ಯೆ. ಮಡಿಕೆ ಕೂಡುವ ಜಾಗದಲ್ಲಿ ಮಾತ್ರ ಕಾಗದವೇ ಇಲ್ಲ, ಬೆಳಕು ಹಾಯುವ ತೂತು. ಸಾಮಾನ್ಯವಾಗಿ ಮಡಿಕೆಗಳು ಕೂಡುವುದು ಹಾಳೆಯ ನಟ್ಟನಡುವೆ, ತೋಟದ ಮುಖ್ಯ ಕೊಳವೋ ಮಂಟಪವೋ ಇರುವುದೂ ಅಲ್ಲೇ.

ಈ ನೀಲಿ ಬಣ್ಣಕ್ಕೆ ಎರಡು ವೈರಿಗಳು: ಬೆಳಕು ಮತ್ತು ಕ್ಷಾರ. ಬಿಸಿಲಿಗೆ ಅದು ಮಾಸುತ್ತದೆ, ಆದ್ದರಿಂದ ಚೌಕಟ್ಟು ಹಾಕಿ ಗೋಡೆಗೆ ತೂಗಿಸಬೇಡಿ. ಸಾಮಾನ್ಯ ದಾಖಲೆಗಳಿಗೆ ಸಲಹೆ ಮಾಡುವ ಆಮ್ಲರಹಿತ ಫೋಲ್ಡರ್‌ಗಳಲ್ಲಿ ಕೆಲವಕ್ಕೆ ಸುಣ್ಣದ ಅಂಶ ಬೆರೆಸಿರುತ್ತಾರೆ. ಪತ್ರಗಳಿಗೆ ಅದು ಒಳ್ಳೆಯದು, ನೀಲಿನಕ್ಷೆಗೆ ಕೆಟ್ಟದ್ದು. ಅದಕ್ಕೆ ಸುಣ್ಣ ಬೆರೆಸದ ಆಮ್ಲರಹಿತ ಹಾಳೆಯನ್ನೇ ಕೇಳಿ ತನ್ನಿ.

ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದ ಮೂಲ ನಕ್ಷೆಗಳು ಗಟ್ಟಿಯಾಗಿ ಕಾಣುತ್ತವೆ. ಆದರೆ ಆ ಬಟ್ಟೆಗೆ ಹೊಳಪು ಕೊಟ್ಟಿರುವುದು ಗಂಜಿ. ಒಂದು ಹನಿ ನೀರು ಬಿದ್ದರೂ ಬಿಳಿ ಕಲೆ, ಸುಕ್ಕು. ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ ಇಲ್ಲಿ ಬೇಡ. ಸುರುಳಿಯಾಗಿದ್ದರೆ ಬಲವಂತವಾಗಿ ಚಪ್ಪಟೆ ಮಾಡದೆ, ದಪ್ಪ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಅದರ ಮೇಲೆ ಸಡಿಲವಾಗಿ ನಕ್ಷೆ ಸುತ್ತಿಡಿ. ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿದ್ದರೆ ತಜ್ಞರಿಗೆ ಬಿಡಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಹಳೆಯ ನೆಗೆಟಿವ್‌ಗಳಿಂದ ವಿನೆಗರ್ ವಾಸನೆ ಬರುತ್ತಿದ್ದರೆ ಅವು ಕೆಡಲು ಶುರುವಾಗಿವೆ ಎಂದರ್ಥ. ತಕ್ಷಣ ಉಳಿದವುಗಳಿಂದ ಬೇರೆ ಮಾಡಿ ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ.

ಮಳೆ, ಗೆದ್ದಲು, ಅಟ್ಟ

ನಮ್ಮ ಹವೆಯಲ್ಲಿ ಕಾಗದಕ್ಕೆ ಅಟ್ಟ ಕೆಟ್ಟ ಜಾಗ. ಬೇಸಿಗೆಯಲ್ಲಿ ಕಾವು, ಮಳೆಗಾಲದಲ್ಲಿ ಸೋರಿಕೆ. ನೆಲವೂ ಬೇಡ, ಹೊರಗೋಡೆಗೆ ತಾಗಿದ ಜಾಗವೂ ಬೇಡ. ಮನೆಯ ಒಳಕೋಣೆಯಲ್ಲಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಇಟ್ಟ ಕಬ್ಬಿಣದ ಬೀರು ಒಳ್ಳೆಯದು. ವಾರಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಿ. ಹಸಿ ಬೇವಿನ ಎಲೆ ಹಾಳೆಗಳ ನಡುವೆ ಇಟ್ಟರೆ ತೇವವೂ ಕಲೆಯೂ ಆಗುತ್ತದೆ. ಚೆನ್ನಾಗಿ ಒಣಗಿದ ಎಲೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡಿ.

ಹುಳ ಹಿಡಿದ ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ಕಾಗದದ ಮೇಲೆ ನೀರು ಕೂರುತ್ತದೆ. ಫೋಟೋ ಮತ್ತು ಗಾಜಿನ ನೆಗೆಟಿವ್‌ಗಳಿಗೆ ಈ ಉಪಾಯ ಬೇಡ. ಕಾಗದ ನೆನೆದಿದ್ದರೆ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಫ್ಯಾನ್ ಕೆಳಗೆ ಹರಡಿ, ಶಾಹಿ ಹೀರುವ ಕಾಗದ ಬದಲಿಸುತ್ತ ಒಣಗಿಸಿ.

ಪಟ್ಟಿ ಮೊದಲು, ಸ್ಕ್ಯಾನ್ ಆಮೇಲೆ

ಸ್ಕ್ಯಾನ್ ಮಾಡುವ ಉತ್ಸಾಹದಲ್ಲಿ ಪಟ್ಟಿ ಮರೆಯುವವರೇ ಹೆಚ್ಚು. ಪಟ್ಟಿಯಿಲ್ಲದ ಸಾವಿರ ಚಿತ್ರ ಇನ್ನೊಂದು ಅಟ್ಟವಾಗುತ್ತದೆ. ಪ್ರತಿ ಕಾಗದಕ್ಕೆ ಒಂದು ಸಂಖ್ಯೆ ಕೊಟ್ಟು ಇಷ್ಟು ಬರೆಯಿರಿ: ಏನು, ಯಾವ ದಿನದ್ದು, ಯಾರು ಬರೆದದ್ದು, ಯಾವ ಜಾಗದ ಬಗ್ಗೆ, ಯಾವ ಗಿಡಗಳ ಹೆಸರಿದೆ, ಯಾವ ಜನರ ಹೆಸರಿದೆ, ಯಾರ ಮನೆಯಿಂದ ಬಂತು, ಈಗ ಹೇಗಿದೆ. ಗಿಡದ ಹೆಸರನ್ನು ಕಾಗದದಲ್ಲಿ ಇದ್ದಂತೆಯೇ ಬರೆದು, ಪಕ್ಕದಲ್ಲಿ ಈಗಿನ ಸಸ್ಯಶಾಸ್ತ್ರೀಯ ಹೆಸರು ಹಾಕಿ. ನೂರು ವರ್ಷದಲ್ಲಿ ಎಷ್ಟೋ ಗಿಡಗಳ ಹೆಸರು ಬದಲಾಗಿವೆ.

ಪತ್ರ ಮತ್ತು ನಕ್ಷೆಗೆ 400 ಪಿಪಿಐ, ಫೋಟೋಗೆ 600 ಪಿಪಿಐ ಇರಲಿ. ಮೂಲ ಪ್ರತಿ ಟಿಫ್ ರೂಪದಲ್ಲಿ, ಹಂಚಲು ಜೆಪೆಗ್ ರೂಪದಲ್ಲಿ. ನಕ್ಷೆಯ ಜೊತೆ ಒಂದು ಅಳತೆಪಟ್ಟಿ ಇಟ್ಟೇ ಚಿತ್ರ ತೆಗೆಯಿರಿ. ಹಿಂಬದಿ ಖಾಲಿ ಎನಿಸಿದರೂ ತೆಗೆಯಿರಿ. ಮೂರು ಪ್ರತಿ ಮಾಡಿ ಎರಡು ಬೇರೆ ಬಗೆಯ ಸಾಧನಗಳಲ್ಲಿಟ್ಟು, ಒಂದನ್ನು ಬೇರೆ ಊರಿನಲ್ಲಿಡಿ.

ಪ್ರಕಟಿಸುವ ಮುನ್ನ ಹಕ್ಕು ಯೋಚಿಸಿ. ಭಾರತದಲ್ಲಿ ಸಾಮಾನ್ಯ ನಿಯಮದಂತೆ ಕೃತಿಸ್ವಾಮ್ಯ ಲೇಖಕರ ಜೀವಿತಕಾಲ ಮತ್ತು ಅನಂತರ 60 ವರ್ಷ. ಬದುಕಿದ್ದಾಗ ಅಚ್ಚಾಗದ ಪತ್ರಗಳ ಲೆಕ್ಕ ಬೇರೆ. ಕಾಗದದ ಒಡೆತನ ಒಬ್ಬರದು, ಬರಹದ ಹಕ್ಕು ಇನ್ನೊಬ್ಬರದು ಆಗಿರಬಹುದು. ಕುಟುಂಬದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಕೊನೆಗೆ ಯಾರ ಕೈಗೆ?

ಇಂಗ್ಲೆಂಡಿನ ಪ್ರಸಿದ್ಧ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ 1932ರಲ್ಲಿ ತೀರಿಕೊಂಡರು. ಅವರ ನಕ್ಷೆಗಳು ಕೈ ಬದಲಾಯಿಸುತ್ತ ಅಮೆರಿಕದ ಉದ್ಯಾನ ವಿನ್ಯಾಸಕಿ ಬಿಯಾಟ್ರಿಕ್ಸ್ ಫರಾಂಡ್ ಅವರನ್ನು ಸೇರಿದವು. ಫರಾಂಡ್ ತಮ್ಮ ಗ್ರಂಥಾಲಯದ ಜೊತೆ ಅವನ್ನು 1955ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಕೊಟ್ಟರು. ಇಂಗ್ಲೆಂಡಿನ ತೋಟಗಳ ನಕ್ಷೆ ಇರುವುದು ಕ್ಯಾಲಿಫೋರ್ನಿಯಾದಲ್ಲಿ! ಆದರೂ ಒಂದೇ ಕಡೆ ಇಡಿಯಾಗಿ ಉಳಿದದ್ದರಿಂದ, ಅವನ್ನು ನೋಡಿಕೊಂಡು ಹಾಳುಬಿದ್ದ ತೋಟಗಳನ್ನು ಮತ್ತೆ ನೆಡಲು ಸಾಧ್ಯವಾಯಿತು. ಈಗ ಅವುಗಳ ಡಿಜಿಟಲ್ ಪ್ರತಿಗಳನ್ನು ಯಾರು ಬೇಕಾದರೂ ನೋಡಬಹುದು.

ನಮಗೂ ಅದೇ ಪಾಠ. ಹಂಚಿಹೋಗಲು ಬಿಡಬೇಡಿ. ಕೊಡುವ ಸಂಸ್ಥೆಗೆ ನಾಲ್ಕು ಪ್ರಶ್ನೆ ಕೇಳಿ: ಪಟ್ಟಿ ಮಾಡುವಿರಾ, ಸಾರ್ವಜನಿಕರಿಗೆ ತೋರಿಸುವಿರಾ, ಎಲ್ಲಿ ಇಡುವಿರಿ, ಇಡಿಯಾಗಿ ಇಡುವಿರಾ? ಉತ್ತರ ಬರಹದಲ್ಲಿ ಬರಲಿ. ರಾಜ್ಯ ಪತ್ರಾಗಾರ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು, ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿರುವ ಜೀವವಿಜ್ಞಾನ ಇತಿಹಾಸದ ಪತ್ರಾಗಾರ ಇಂಥ ಕಡೆ ವಿಚಾರಿಸಬಹುದು. ಮನೆಯವರು ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ. ಸ್ಕ್ಯಾನ್ ಪ್ರತಿ ಮಾತ್ರ ಸಂಸ್ಥೆಗೆ ಹೋಗಲಿ.

ಬಸವನಗುಡಿಯ ಆ ನೋಟ್‌ಬುಕ್ ಇಂದಿಗೂ ಆ ಮನೆಯಲ್ಲೇ ಇದೆ. ಪುಟ ಪುಟವೂ ಚಿತ್ರವಾಗಿದೆ. ಜಕರಂಡದ ಎಲೆಯನ್ನು ಬೇರೆ ಲಕೋಟೆಗೆ ಹಾಕಿ, ಅದು ಇದ್ದ ಪುಟದ ಸಂಖ್ಯೆ ಬರೆದಿದ್ದೇವೆ. ಕೊನೆಯ ಹಾಳೆಗಳಲ್ಲಿ ಒಂದು ಕೂಲಿ ಪಟ್ಟಿಯಿದೆ: ನೀರು ಹೊತ್ತವರು, ಗುಂಡಿ ತೋಡಿದವರು, ಕಳೆ ಕಿತ್ತವರು, ಒಟ್ಟು 23 ಮಂದಿ. ಅರ್ಧಕ್ಕಿಂತ ಹೆಚ್ಚು ಹೆಂಗಸರು. ವಾರ್ಷಿಕ ವರದಿಯಲ್ಲಿ ಸೂಪರಿಂಟೆಂಡೆಂಟರ ಹೆಸರು ಸಿಗುತ್ತದೆ, ಈ 23 ಹೆಸರು ನಾನು ಬೇರೆಲ್ಲೂ ಕಂಡಿಲ್ಲ. ಯಾವ ಜನರ ಹೆಸರಿದೆ ಎಂಬ ಸಾಲಿನಲ್ಲಿ ಅವರೆಲ್ಲರನ್ನೂ ಒಂದೊಂದಾಗಿ ಬರೆದೆವು.